ಕೀಲಿಂಗ್ ರೇಖೆಯಲ್ಲೊಂದು ಬಿರುಕು

ಗರಗಸದ ಹಲ್ಲಿನಂತೆ ಏರಿಳಿಯುತ್ತಲೇ ಮೇಲೇರುವ ರೇಖೆಯೊಂದನ್ನು ನೀವು ಪರಿಸರ ಪಾಠದಲ್ಲಿ ನೋಡಿರಬಹುದು. ಅದೇ ಕೀಲಿಂಗ್ ರೇಖೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನ ಲೋವ ಜ್ವಾಲಾಮುಖಿಯ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದರು. ಅವಕೆಂಪು ಕಿರಣಗಳನ್ನು ಈ ಅನಿಲ ಎಷ್ಟು ಹೀರುತ್ತದೆ ಎಂಬುದೇ ಅಳತೆಯ ಆಧಾರ. ಆಗ ಸಿಕ್ಕ ಪ್ರಮಾಣ ಹತ್ತು ಲಕ್ಷದಲ್ಲಿ ಸುಮಾರು 313 ಭಾಗ. ಉತ್ತರಾರ್ಧಗೋಳದ ಸಸ್ಯಗಳು ಬೇಸಿಗೆಯಲ್ಲಿ ಅನಿಲವನ್ನು ಹೀರಿ, ಚಳಿಗಾಲದಲ್ಲಿ ಹಿಂದಿರುಗಿಸುವುದರಿಂದ ಹಲ್ಲುಗಳು ಮೂಡಿದವು. ಒಟ್ಟು ಏರಿಕೆಗೆ ಮುಖ್ಯ ಕಾರಣ, ನಾವು ಸುಡುವ ಕಲ್ಲಿದ್ದಲು ಮತ್ತು ತೈಲ.

ಆದರೆ ಅಳೆದದ್ದನ್ನೇ ಮತ್ತೆ ಅಳೆಯಲು ಹಣ ಕೊಡುವವರು ಯಾರು? 1964ರಲ್ಲಿ ಅನುದಾನದ ಕೊರತೆಯಿಂದ ಕೆಲಸ ಕೆಲಕಾಲ ನಿಂತೇಹೋಯಿತು. ರೇಖೆಯಲ್ಲಿ ಆ ಬಿರುಕು ಇಂದಿಗೂ ಇದೆ, ಗಮನಿಸಿ.

ಕೀಲಿಂಗರನ್ನು ಸ್ಕ್ರಿಪ್ಸ್‌ಗೆ ಕರೆತಂದ ರೋಜರ್ ರೆವೆಲ್ 1960ರ ದಶಕದಲ್ಲಿ ಹಾರ್ವರ್ಡ್‌ನ ತರಗತಿಯಲ್ಲಿ ಈ ಅಳತೆಗಳನ್ನು ವಿವರಿಸಿದರು. ಕೇಳಿದವರಲ್ಲಿ, ಮುಂದೆ ಅಮೆರಿಕದ ಉಪಾಧ್ಯಕ್ಷರಾದ ಆಲ್ ಗೋರ್ ಒಬ್ಬರು. (ಮೇಷ್ಟರಾದವರಿಗೆ ಇದು ಸಣ್ಣ ಸಮಾಧಾನವಲ್ಲ!) 2006ರ ತಮ್ಮ ಸಾಕ್ಷ್ಯಚಿತ್ರದಲ್ಲಿ ಅವರು ಇದೇ ರೇಖೆಯನ್ನು ಜನರ ಮುಂದಿಟ್ಟರು.

ಕೀಲಿಂಗ್ 2005ರಲ್ಲಿ ತೀರಿಕೊಂಡರು. ಮಗ ರಾಲ್ಫ್ ಕೆಲಸ ಮುಂದುವರಿಸಿದರು. 2013ರ ಮೇ ತಿಂಗಳಲ್ಲಿ ದಿನದ ಅಳತೆ 400ನ್ನು ಮುಟ್ಟಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದೇ ವರ್ಷದ ಕೊನೆಗೆ, ಅಳತೆ ನಿಲ್ಲದಿರಲು ನೆರವಾಗಿ ಎಂದು ರಾಲ್ಫ್ ಸಾರ್ವಜನಿಕರನ್ನೇ ಕೋರಬೇಕಾಯಿತು.