ವಿರಾಮ ಕರಗಿ ತಿಂಡಿ ಉಳಿದ ಬಗೆ: ಬೆಂಗಳೂರಿನ ಕಾಫಿ-ತಿಂಡಿ ರೂಢಿಯ ಇತಿಹಾಸ

ಬೆಂಗಳೂರಿನ ಹೋಟೆಲುಗಳು ಬೆಳಗಿನ ಹನ್ನೊಂದರ ಸುಮಾರಿಗೆ ಒಮ್ಮೆ, ಸಂಜೆ ನಾಲ್ಕರ ಸುಮಾರಿಗೆ ಇನ್ನೊಮ್ಮೆ ತುಂಬಿಕೊಳ್ಳುವುದನ್ನು ನೋಡಿದವರಿಗೆ ಈ ರೂಢಿ ಊರು ಕಟ್ಟಿದಂದಿನಿಂದಲೂ ಇದ್ದಿರಬೇಕೆನ್ನಿಸಿದರೆ ಆಶ್ಚರ್ಯವಿಲ್ಲ. ತಟ್ಟೆಯಲ್ಲಿರುವ ಪದಾರ್ಥಗಳ ಮಟ್ಟಿಗೆ ಆ ಅನ್ನಿಸಿಕೆ ತಪ್ಪೂ ಅಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಇಡ್ಲಿ-ದೋಸೆಗಳ ಪೂರ್ವಜರೆನ್ನಬಹುದಾದ ತಿನಿಸುಗಳ ವಿವರಗಳಿವೆ. ಆದರೆ ದುಡಿಯುವ ಮನುಷ್ಯ ದಿನದ ನಡುವೆ ಕೆಲಸ ಬಿಟ್ಟೆದ್ದು, ಮನೆಯಿಂದ ಹೊರಗೆ, ಹಣ ಕೊಟ್ಟು, ಊಟವಲ್ಲದ ಏನನ್ನೋ ತಿಂದು ಕಾಫಿ ಕುಡಿದು ಮತ್ತೆ ಕೆಲಸಕ್ಕೆ ಮರಳುವ ಪದ್ಧತಿಗೆ ನೂರು ವರ್ಷಗಳಿಗಿಂತ ತುಸು ಹೆಚ್ಚಿನ ಚರಿತ್ರೆಯಷ್ಟೇ ಇದೆ. ಆ ಪದ್ಧತಿಯನ್ನು ಹುಟ್ಟಿಸಿದ್ದು ನಾಲಗೆಯ ರುಚಿಗಿಂತ ಹೆಚ್ಚಾಗಿ ಕಚೇರಿ ಮತ್ತು ಕಾರ್ಖಾನೆಗಳ ಹೊತ್ತಿನ ಒತ್ತಡ.

ಮೈಸೂರು ಸೀಮೆಯ ರೈತಾಪಿ ಮನೆಗಳಲ್ಲಿ ಬೆಳಿಗ್ಗೆ ತಂಗಳು ಮುದ್ದೆ ಅಥವಾ ಅಂಬಲಿ, ನಡುಹೊತ್ತಿಗೆ ಹೊಲಕ್ಕೆ ಬರುವ ಬುತ್ತಿ, ಕತ್ತಲಾದ ಮೇಲೆ ಬಿಸಿ ಮುದ್ದೆ ಮತ್ತು ಸಾರು ಎಂಬ ಕ್ರಮ ನಡೆದುಬಂದಿತ್ತು. ಬಿತ್ತನೆ, ಕಳೆ, ಸುಗ್ಗಿಗಳಿಗೆ ತಕ್ಕಂತೆ ಉಣ್ಣುವ ಹೊತ್ತು ಹಿಂದೆ ಮುಂದೆ ಆಗುತ್ತಿತ್ತು. ಆ ಬದುಕು ನಿರಾತಂಕವಾಗಿತ್ತೆಂದು ಹೇಳಿದರೆ ಅದು ಊರಿನ ಹಳೆಯ ದಿನಗಳ ಬಗ್ಗೆ ಪಟ್ಟಣದವರು ಕಟ್ಟಿಕೊಂಡ ಕತೆಯಾದೀತು. 1876-78ರ ಬರಗಾಲದ ಮುಂಚೆ, 1871ರ ಜನಗಣತಿಯಲ್ಲಿ, ಐವತ್ತು ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತೆಂಬ ಒಂದೇ ಸಂಗತಿ ಆ ಕಾಲದ ಆತಂಕದ ಸ್ವರೂಪವನ್ನು ತಿಳಿಸುತ್ತದೆ. ಅಲ್ಲಿದ್ದುದು ಅನ್ನವೇ ಇಲ್ಲವಾಗುವ ಭಯ. ಪಟ್ಟಣ ತಂದದ್ದು ಅನ್ನ ಮುಂದಿದ್ದರೂ ಉಣ್ಣಲು ಹೊತ್ತಿಲ್ಲವೆಂಬ ಬೇರೆಯೇ ಬಗೆಯ ತಳಮಳ.

ಈ ಎರಡನೆಯ ತಳಮಳ ಮೊದಲು ಕಾಣಿಸಿಕೊಂಡದ್ದು ಸರ್ಕಾರಿ ನೌಕರರ ಮನೆಗಳಲ್ಲಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡು ಕಚೇರಿಗಳನ್ನು ಬೆಂಗಳೂರಿಗೆ ಸಾಗಿಸಿದ ಮೇಲೆ ಗುಮಾಸ್ತರು, ಮುನ್ಷಿಗಳು, ಶಿರಸ್ತೇದಾರರ ಒಂದು ದೊಡ್ಡ ವರ್ಗ ಊರಿನಲ್ಲಿ ನೆಲೆಸಿತು. 1868ರಲ್ಲಿ ಕಟ್ಟಿ ಮುಗಿದ, ಈಗ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿ ಆ ವರ್ಗದ ದುಡಿಮೆಯ ಕೇಂದ್ರವಾಯಿತು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಹೋಗುವುದು ಆಗದ ಮಾತಾದ್ದರಿಂದ, ನಡುಹಗಲಿನ ಊಟ ಹಿಂದಕ್ಕೆ ಸರಿದು ಬೆಳಗಿನ ಒಂಬತ್ತೂವರೆಯ ಆಸುಪಾಸಿಗೆ ಬಂದಿತು. ಸ್ನಾನ, ಸಂಧ್ಯಾವಂದನೆ ಮುಗಿಸಿ, ಹುಳಿ-ಸಾರು-ಮಜ್ಜಿಗೆಯ ಪೂರ್ಣ ಊಟವನ್ನು ಬಿಸಿಬಿಸಿಯಾಗಿ ಗಂಟಲಿಗಿಳಿಸಿ, ಪೇಟ ಸುತ್ತಿಕೊಂಡು ಕಚೇರಿಯತ್ತ ನಡೆಯುವುದು ಎರಡು ಮೂರು ತಲೆಮಾರುಗಳ ದಿನಚರಿಯಾಯಿತು. ಚಿಂತೆ, ಶೋಕ, ಭಯ, ಕೋಪಗಳ ನಡುವೆ ಉಂಡ ಆಹಾರವು ಪಥ್ಯವಾಗಿದ್ದು ಮಿತವಾಗಿದ್ದರೂ ಜೀರ್ಣವಾಗುವುದಿಲ್ಲವೆಂದು ಚರಕಸಂಹಿತೆಯ ವಿಮಾನಸ್ಥಾನ ಹೇಳುತ್ತದೆ. ಆ ಮಾತನ್ನು ಬಲ್ಲ ಮನೆತನಗಳೇ ಮೇಲಧಿಕಾರಿಯ ಮುನಿಸಿಗೆ ಹೆದರಿ ಅವಸರದಲ್ಲಿ ಉಣ್ಣುವ ವರ್ಗವಾಗಿ ಮಾರ್ಪಟ್ಟದ್ದು ಈ ಚರಿತ್ರೆಯ ಒಂದು ವಿಪರ್ಯಾಸ. ಹತ್ತಕ್ಕೆ ಮುನ್ನ ಉಂಡವನಿಗೆ ಮೂರು ಗಂಟೆಗೆ ಹಸಿವಾಗುವುದು ಸಹಜ, ರಾತ್ರಿಯ ಊಟ ಇನ್ನೂ ದೂರ. ಆ ತೆರಪನ್ನು ತುಂಬಲು ಬಂದುದೇ ಮಧ್ಯಾಹ್ನದ ತಿಂಡಿ.

ತಿಂಡಿಗೆ ಜೊತೆಯಾದ ಕಾಫಿ ಸಂಸ್ಥಾನಕ್ಕೆ ಹೊಸದಲ್ಲ, ಕುಡಿಯುವವರಿಗೆ ಹೊಸದು. ಚಂದ್ರದ್ರೋಣ ಪರ್ವತಕ್ಕೆ ಬಾಬಾಬುಡನ್ ತಂದ ಬೀಜಗಳ ಐತಿಹ್ಯವನ್ನು ಬದಿಗಿಟ್ಟರೂ, ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಚಿಕ್ಕಮಗಳೂರು, ಕೊಡಗುಗಳ ತೋಟಗಳಲ್ಲಿ ಬೆಳೆದ ಕಾಫಿ ಬಹುಪಾಲು ಹಡಗೇರಿ ಯೂರೋಪಿಗೆ ಹೋಗುತ್ತಿತ್ತು. ನೌಕರಿಯ ಮನೆಗಳಿಗೆ ಅದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಿನಬಳಕೆಯ ಪದಾರ್ಥವಾಗಿ ಬಂದಿತು; ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ, 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬಂದ ಕಾಫಿ ಮಂಡಳಿಯು ದೇಶದೊಳಗಿನ ಮಾರಾಟಕ್ಕೆ ಒತ್ತು ಕೊಟ್ಟಿದ್ದರಿಂದ ಅದು ಇನ್ನಷ್ಟು ಹರಡಿತು.

ಹೊರಗೆ ತಿನ್ನುವುದೆಂದರೆ ಆಗಿನ ಕಾಲಕ್ಕೆ ಸುಲಭದ ವಿಷಯವಾಗಿರಲಿಲ್ಲ. ಯಾರು ಅಡುಗೆ ಮಾಡಿದರು, ಯಾರು ಬಡಿಸಿದರು, ಪಕ್ಕದಲ್ಲಿ ಯಾರು ಕುಳಿತರು ಎಂಬ ಮಡಿ-ಮೈಲಿಗೆಯ ಪ್ರಶ್ನೆಗಳು ಮೇಲ್ಜಾತಿಯ ನೌಕರನನ್ನು ಹಸಿವಿಗಿಂತ ಹೆಚ್ಚಾಗಿ ಕಾಡುತ್ತಿದ್ದವು. ಉಡುಪಿಯ ಸುತ್ತಮುತ್ತಲಿನ, ದೇವಸ್ಥಾನ ಮತ್ತು ಮಠಗಳ ಅಡುಗೆಯಲ್ಲಿ ಪಳಗಿದ ಬ್ರಾಹ್ಮಣ ಕುಟುಂಬಗಳ ಯುವಕರು ಬೆಂಗಳೂರು, ಮದ್ರಾಸು, ಮುಂಬಯಿಗಳಿಗೆ ವಲಸೆ ಬಂದು ಹೋಟೆಲು ತೆರೆದಾಗ ಆ ಕಾಟಕ್ಕೆ ಒಂದು ಪರಿಹಾರ ಸಿಕ್ಕಿತು. ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಕಡೆ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಆರಂಭಿಸಿ, ಮುಂದೆ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂಟಿಆರ್ ಎಂದು ಪ್ರಸಿದ್ಧವಾದ ಹೋಟೆಲಿನ ಮೊದಲ ಹೆಸರೇ ಆ ಭರವಸೆಯನ್ನು ಹೊರಗೆ ಸಾರುತ್ತಿತ್ತು. ಒಬ್ಬರ ನೆಮ್ಮದಿ ಮಾತ್ರ ಇನ್ನೊಬ್ಬರ ಅವಮಾನದ ಮೇಲೆ ನಿಂತಿತ್ತು: ಅನೇಕ ಹೋಟೆಲುಗಳಲ್ಲಿ ಜಾತಿಗೊಂದು ಸಾಲು ಇರುತ್ತಿತ್ತು, ದಲಿತರಿಗೆ ಒಳಗೆ ಪ್ರವೇಶವೇ ಇರುತ್ತಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲು ಮತ್ತು ಸಾರ್ವಜನಿಕ ಉಪಾಹಾರ ಗೃಹಗಳನ್ನು ಹೆಸರಿಸಿಯೇ ಈ ತಡೆಯನ್ನು ನಿಷೇಧಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಮಾಂಸಾಹಾರಿಗಳಿಗೆ ಮುದ್ದೆ, ಕೈಮಾ, ತಲೆಮಾಂಸ ಬಡಿಸುವ ಮಿಲಿಟರಿ ಹೋಟೆಲುಗಳು ಬೇರೆಯೇ ಬೀದಿಗಳಲ್ಲಿ ಬೇರೆಯೇ ಗಿರಾಕಿಗಳೊಂದಿಗೆ ಬೆಳೆದವು; ಅವುಗಳ ಚರಿತ್ರೆಗೆ ಪ್ರತ್ಯೇಕ ಬರಹವೇ ಬೇಕು.

ಕಾಫಿ ಕ್ಲಬ್ಬುಗಳ ಒಳಗೆ ತಿಂಡಿಯಷ್ಟೇ ಮುಖ್ಯವಾಗಿದ್ದುದು ಕುಳಿತುಕೊಳ್ಳುವ ಹಕ್ಕು. ಅಮೃತಶಿಲೆಯ ಹಲಗೆಯ ಮೇಜಿನ ಮುಂದೆ ಕುಳಿತವನು, ಮಾಣಿ ಎಂದು ಕರೆಯಲ್ಪಡುತ್ತಿದ್ದ ಸಪ್ಲೈಯರ್ ಹುಡುಗ ಬಾಯಲ್ಲೇ ಒಪ್ಪಿಸುವ ತಿಂಡಿಗಳ ಪಟ್ಟಿಯನ್ನು ಕೇಳಿ, ಒಂದು ಖಾಲಿ ದೋಸೆ ತರಿಸಿ, ಆಮೇಲೆ ಗೆಳೆಯನೊಂದಿಗೆ ಬೈ-ಟೂ ಕಾಫಿ ಹೇಳುತ್ತಿದ್ದ. ಬೈ-ಟೂ ಎಂದರೆ ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿ ತರುವುದು. ಅದನ್ನು ಬರಿಯ ಜಿಪುಣತನವೆಂದು ನಗೆಯಾಡುವವರು ಒಂದನ್ನು ಮರೆಯುತ್ತಾರೆ. ಕಾಫಿ ಅರ್ಧವಾದರೂ ಕುಳಿತುಕೊಳ್ಳುವ ಹೊತ್ತು ಅರ್ಧವಾಗುತ್ತಿರಲಿಲ್ಲ, ಒಬ್ಬನ ದುಡ್ಡಿಗೆ ಇಬ್ಬರ ಮಾತುಕತೆ ನಡೆಯುತ್ತಿತ್ತು. ರಾಜಕೀಯ ಮಾತನಾಡಬಾರದೆಂದು ಹೋಟೆಲಿನವರು ಗೋಡೆಗೆ ಬೋರ್ಡು ಹಾಕುತ್ತಿದ್ದರೆಂದರೆ ಗಿರಾಕಿಗಳು ಎಷ್ಟು ಹೊತ್ತು ಕುಳಿತಿರುತ್ತಿದ್ದರೆಂಬುದನ್ನು ಊಹಿಸಬಹುದು. 1943ರಲ್ಲಿ ಗಾಂಧಿ ಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನ, ಹೆಸರೇ ಹೇಳುವಂತೆ, ಸುತ್ತಮುತ್ತಲಿನ ವಿದ್ಯಾರ್ಥಿಗಳನ್ನು ನಂಬಿ ಆರಂಭವಾದದ್ದು. ಪರೀಕ್ಷೆಯ ಆತಂಕಕ್ಕೂ ದೋಸೆಯ ಘಮಲಿಗೂ ಅಲ್ಲಿಂದಲೇ ನಂಟು ಬೆಳೆಯಿತು.

ಗಿರಣಿ ಕಾರ್ಮಿಕರ ಕತೆ ಇಷ್ಟು ನಿರಾಳವಾದುದಲ್ಲ. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯಂಥ ಕಡೆಗಳಲ್ಲಿ ಸೈರನ್ನಿನ ಕೂಗು ಇಡೀ ಬಡಾವಣೆಯ ಒಲೆಗಳನ್ನು ಹಚ್ಚಿಸುತ್ತಿತ್ತು. ಬ್ರಿಟಿಷ್ ಇಂಡಿಯಾದ 1911ರ ಕಾಯಿದೆ ಜವಳಿ ಗಿರಣಿಗಳಲ್ಲಿ ಗಂಡಸರ ದುಡಿಮೆಯನ್ನು ದಿನಕ್ಕೆ 12 ಗಂಟೆಗಳಿಗೆ ಮಿತಿಗೊಳಿಸಿತೆಂಬುದು ದೊಡ್ಡ ಸುಧಾರಣೆಯೆನಿಸಿತ್ತು. ಸಂಸ್ಥಾನಕ್ಕೆ ಅದು ನೇರವಾಗಿ ಅನ್ವಯಿಸದಿದ್ದರೂ ಆ ಕಾಲದ ದುಡಿಮೆಯ ಅಳತೆಯನ್ನು ಅದರಿಂದ ತಿಳಿಯಬಹುದು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು, ಐದು ಗಂಟೆ ದುಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಲೇಬೇಕೆಂದಿತು, 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು ನಡೆಸುವಂತೆ ನಿಯಮ ಮಾಡಲು ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಮುಂತಾದ ಸಾರ್ವಜನಿಕ ಉದ್ದಿಮೆಗಳ ಕ್ಯಾಂಟೀನುಗಳಲ್ಲಿ ರಿಯಾಯಿತಿ ದರದ ತಿಂಡಿ, ಊಟ, ಕಾಫಿ-ಟೀಗಳು ಒಂದು ತಲೆಮಾರಿನ ಕಾರ್ಮಿಕರ ನಾಲಗೆಯನ್ನೇ ರೂಪಿಸಿದವು. 1961ರಲ್ಲಿ ಎಚ್‌ಎಂಟಿ ಕೈಗಡಿಯಾರಗಳನ್ನು ತಯಾರಿಸತೊಡಗಿದಾಗ, ಗಡಿಯಾರ ನೋಡಿ ಉಣ್ಣಲು ಕಲಿತ ಊರು ದೇಶಕ್ಕೆಲ್ಲ ಗಡಿಯಾರ ಕಟ್ಟತೊಡಗಿತೆನ್ನಬಹುದು.

ಈ ತಿಂಡಿಗಳು ದಣಿದ ಮನಸ್ಸಿಗೆ ಏಕೆ ಹಿಡಿಸಿದವೆಂಬುದಕ್ಕೆ ಶರೀರಶಾಸ್ತ್ರದಲ್ಲಿ ಒಂದಿಷ್ಟು ಉತ್ತರವಿದೆ. 1936ರಲ್ಲಿ ಮಾಂಟ್ರಿಯಲ್ಲಿನಲ್ಲಿದ್ದ ಹಾನ್ಸ್ ಸೆಲ್ಯೆ, ಗಾಯ, ಚಳಿ, ವಿಷ ಮುಂತಾದ ಯಾವ ಬಗೆಯ ಪೀಡನೆಗೂ ದೇಹ ಒಂದೇ ತೆರನಾಗಿ ಪ್ರತಿಕ್ರಿಯಿಸುತ್ತದೆಂದು ಇಲಿಗಳಲ್ಲಿ ತೋರಿಸಿದ; ಇಂದು ಒತ್ತಡವೆಂದು ಕರೆಯುವ ಪರಿಕಲ್ಪನೆಗೆ ಅದು ತಳಹದಿಯಾಯಿತು. ಥಟ್ಟನೆ ಎರಗಿದ ಭಯ ಹಸಿವನ್ನು ಅಡಗಿಸುತ್ತದೆ. ದಿನಗಟ್ಟಲೆ ಎಳೆಯುವ ಒತ್ತಡ ಹಾಗಲ್ಲ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತದಲ್ಲಿ ಏರಿಯೇ ಇದ್ದಾಗ ಅನೇಕರಲ್ಲಿ ಹಸಿವು ಕೆರಳುತ್ತದೆ, ಅದರಲ್ಲೂ ಸಿಹಿ ಮತ್ತು ಜಿಡ್ಡಿನ ಕಡೆಗೆ ಮನಸ್ಸು ಎಳೆಯುತ್ತದೆ. ಅಂಥ ಆಹಾರ ಮೆದುಳಿನ ಒತ್ತಡದ ಪ್ರತಿಕ್ರಿಯೆಯನ್ನೇ ತುಸು ತಗ್ಗಿಸುತ್ತದೆಂದು ಕ್ಯಾಲಿಫೋರ್ನಿಯಾದ ಮೇರಿ ಡಾಲ್ಮನ್ ಮತ್ತು ಸಂಗಡಿಗರು 2003ರಲ್ಲಿ ಪ್ರತಿಪಾದಿಸಿದರು. ಬೆಂಗಳೂರಿನ ಚೌಚೌ ಭಾತನ್ನು ಈ ದೃಷ್ಟಿಯಿಂದ ನೋಡಬೇಕು: ತಟ್ಟೆಯ ಒಂದು ಬದಿಗೆ ಎಣ್ಣೆ, ಉಪ್ಪು, ಖಾರ ಹೊತ್ತ ಖಾರಾಭಾತು, ಇನ್ನೊಂದು ಬದಿಗೆ ಸಕ್ಕರೆ-ತುಪ್ಪಗಳಲ್ಲಿ ಮುಳುಗಿದ ಕೇಸರಿಭಾತು, ಎರಡಕ್ಕೂ ಆಧಾರ ನಾರು ಕಳೆದ ರವೆ, ಕೊನೆಗೆ ದಣಿವಿನ ಸೂಚನೆಯನ್ನು ಮೆದುಳಿಗೆ ಮುಟ್ಟಗೊಡದ ಕೆಫೀನು ತುಂಬಿದ, ಸಕ್ಕರೆ ಬೆರೆತ ಕಾಫಿ. ರಾಗಿ ಮುದ್ದೆ ನಿಧಾನವಾಗಿ ಕೊಡುವುದನ್ನು ಇದು ಕೂಡಲೇ ಕೊಡುತ್ತದೆ, ಅಷ್ಟೇ ಬೇಗ ಇಳಿದುಹೋಗುತ್ತದೆ, ಮತ್ತೆ ಬೇಕೆನ್ನಿಸುತ್ತದೆ. ಹೋಟೆಲಿನವರು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಇದನ್ನು ಕಂಡುಕೊಂಡಿದ್ದರು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1985ರಿಂದ ನಡೆದುಬಂದಿರುವ ವೈಟ್‌ಹಾಲ್ ಅಧ್ಯಯನದ ಎರಡನೆಯ ಸರಣಿಯು, ದುಡಿಮೆಯ ಒತ್ತಡವನ್ನು ಮತ್ತೆ ಮತ್ತೆ ಅನುಭವಿಸಿದವರಲ್ಲಿ ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ಸಕ್ಕರೆಯ ಏರಿಕೆಗಳು ಒಟ್ಟಾಗಿ ಕಾಣಿಸಿಕೊಳ್ಳುವುದು ಹೆಚ್ಚೆಂದು ತೋರಿಸಿತು. ಗುಮಾಸ್ತರು ಎಲ್ಲಿದ್ದರೂ ಗುಮಾಸ್ತರೇ.

ರವೆಯ ಪಾರಮ್ಯಕ್ಕೂ ಒಂದು ಸಂಕಟದ ಹಿನ್ನೆಲೆಯಿದೆ. 1942ರಲ್ಲಿ ಬರ್ಮಾ ಜಪಾನಿಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದಾಗ, ಅಕ್ಕಿಯ ಬದಲು ಗೋಧಿ ರವೆಯನ್ನು ಬಳಸಿ ರವೆ ಇಡ್ಲಿಯನ್ನು ರೂಪಿಸಿದೆವೆಂದು ಎಂಟಿಆರ್‌ನವರು ಹೇಳಿಕೊಂಡು ಬಂದಿದ್ದಾರೆ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿದಾಗ ಅದೇ ಸಂಸ್ಥೆ ಸಿದ್ಧ ಮಿಶ್ರಣಗಳ ಪೊಟ್ಟಣಗಳನ್ನು ಮಾರಲು ಹೊರಟಿತು. ಅಡುಗೆಮನೆಯಲ್ಲಿ ರುಬ್ಬುವ, ನೆನೆಸುವ ಹೊತ್ತು ಅದರಿಂದ ಉಳಿಯಿತು. ಆದರೆ ಆ ಹೊತ್ತು ಹೆಂಗಸರ ವಿಶ್ರಾಂತಿಗೆ ಹೋಯಿತೋ, ಮನೆಗೆಲಸದ ಮೇಲೆ ನೌಕರಿಯ ಹೊರೆಯೂ ಸೇರಲು ದಾರಿಯಾಯಿತೋ ಎಂಬುದನ್ನು ಕಾಫಿ-ತಿಂಡಿಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಕೇಳಲು ಹೋಗಿಲ್ಲ, ಏಕೆಂದರೆ ಆ ಬರಹಗಳಲ್ಲಿ ಹೋಟೆಲಿನ ಮೇಜಿಗೆ ಕುಳಿತವರು ಹೆಚ್ಚಾಗಿ ಗಂಡಸರು.

ಜಯನಗರದಲ್ಲಿ 1983ರಲ್ಲಿ ಆರಂಭವಾದ ಕೆಫೆ ದರ್ಶಿನಿ ಈ ರೂಢಿಯ ದಿಕ್ಕನ್ನು ತಿರುಗಿಸಿತು. ಗಲ್ಲಾದಲ್ಲಿ ಹಣ ಕೊಟ್ಟು ಚೀಟಿ ಪಡೆದು, ಕಟ್ಟೆಯ ಬಳಿ ತಾನೇ ಹೋಗಿ ತಟ್ಟೆ ಹಿಡಿದು, ಎದೆಯೆತ್ತರದ ಮೇಜಿನ ಬಳಿ ನಿಂತು ತಿಂದು ಹೊರಡುವ ಈ ಮಾದರಿ ಕೆಲವೇ ವರ್ಷಗಳಲ್ಲಿ ಊರ ತುಂಬ ಹಬ್ಬಿ, ದರ್ಶಿನಿ ಎಂಬುದು ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಜಾತಿಯ ಹೋಟೆಲುಗಳ ಹೆಸರಾಯಿತು. ಸಪ್ಲೈಯರುಗಳ ಸಂಬಳವಿಲ್ಲ, ಕುರ್ಚಿಗಳ ಜಾಗವಿಲ್ಲ, ಆದ್ದರಿಂದ ಬೆಲೆ ಕಡಿಮೆ. ಯಾರ ಪಕ್ಕ ಯಾರು ನಿಂತರೆಂದು ಯಾರೂ ಕೇಳದಿರುವುದು ಹಳೆಯ ಸಾಲುಗಳನ್ನು ನೆನೆದಾಗ ಸಣ್ಣ ಲಾಭವಲ್ಲ. ಕಳೆದುಹೋದದ್ದು ಕುಳಿತುಕೊಳ್ಳುವ ಹೊತ್ತು. ಕಾಫಿ ಕ್ಲಬ್ಬಿನ ತಿಂಡಿ ದಣಿವಿಗೆ ನಿಜವಾದ ಉಪಶಮನ ಕೊಟ್ಟಿದ್ದರೆ ಅದರಲ್ಲಿ ತಟ್ಟೆಗಿಂತ ಕುರ್ಚಿಯ ಪಾಲು, ಎದುರು ಕುಳಿತವನ ಮಾತಿನ ಪಾಲು ಹೆಚ್ಚಾಗಿತ್ತೆಂದೇ ತೋರುತ್ತದೆ. ದರ್ಶಿನಿಯು ಅದೇ ಎಣ್ಣೆ, ಅದೇ ಸಕ್ಕರೆ, ಅದೇ ಕಾಫಿಯನ್ನು ಉಳಿಸಿಕೊಂಡು ಆ ಪಾಲನ್ನು ಕತ್ತರಿಸಿ ಹಾಕಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದ ಮೇಲೆ ಬೆಳೆದ ಗಣಕ ಉದ್ದಿಮೆ, ಅದರ ಬೆನ್ನಿಗೆ ಬಂದ ಕಾಲ್ ಸೆಂಟರುಗಳು ಊರಿನ ಗಡಿಯಾರವನ್ನು ಅಮೆರಿಕದ ಹಗಲಿಗೆ ಹೊಂದಿಸಿದವು. ಕಾರ್ಟಿಸಾಲ್ ಸಹಜವಾಗಿ ಮುಂಜಾನೆ ಏರಿ ನಡುರಾತ್ರಿಗೆ ತಗ್ಗುವ ಹಾರ್ಮೋನು. ರಾತ್ರಿ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿಯೂ ಹಗಲಿಗಿಂತ ಕಡಿಮೆ. ಪಾಳಿಯ ನೌಕರ ರಾತ್ರಿ ಎರಡು ಗಂಟೆಗೆ ಉಣ್ಣುವುದೆಂದರೆ ಆ ಲಯಕ್ಕೆ ಎದುರಾಗಿ ಉಣ್ಣುವುದು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ, ಕುಳಿತುಕೊಳ್ಳುವ ಹೊತ್ತನ್ನು ಹಿಂದಕ್ಕೆ ತಂದಿತು, ಆದರೆ ಬೈ-ಟೂ ಹೇಳುತ್ತಿದ್ದವನ ಜೇಬಿಗೆ ನಿಲುಕದ ಬೆಲೆಯಲ್ಲಿ. 2014ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಸ್ವಿಗ್ಗಿಯಂಥ ಸೇವೆಗಳು ಬಂದ ಮೇಲೆ ಮೇಜು ಬಿಟ್ಟು ಏಳುವ ಅಗತ್ಯವೂ ಇಲ್ಲವಾಗಿ, ಮಸಾಲೆ ದೋಸೆ ಡಬ್ಬಿಯೊಳಗೆ ಮೆತ್ತಗಾಗಿ ಗಣಕದ ಪರದೆಯ ಮುಂದೆಯೇ ಬಂದು ಕೂರುತ್ತದೆ, ಅದನ್ನು ಹೊತ್ತು ತಂದ ಸವಾರ ಮುಂದಿನ ಆರ್ಡರಿನ ನಿಮಿಷಗಳನ್ನು ಎಣಿಸುತ್ತ ತನ್ನ ಊಟವನ್ನು ಮುಂದೂಡುತ್ತಾನೆ. ಕಾರ್ಖಾನೆಯ ಕಾರ್ಮಿಕನಿಗೆ 1948ರಲ್ಲಿ ದೊರೆತ ಅರ್ಧ ಗಂಟೆಯ ಹಕ್ಕು, ಪಾಲುದಾರನೆಂಬ ಹೆಸರಿನಲ್ಲಿ ದುಡಿಯುವ ಈ ಸವಾರನಿಗೆ ಅನ್ವಯಿಸುವುದಿಲ್ಲ.