ರೋಗಿಯ ಮನೆಯೂ ಗೋಡೆಯ ಬಂದೂಕೂ

ಆಸ್ಪತ್ರೆಯಲ್ಲಿ ದಾದಿಯೇ ಮನೆಯೊಡತಿ, ರೋಗಿಯು ಅತಿಥಿ. ಬಾಗಿಲಲ್ಲಿ ಕಾವಲುಗಾರನಿರುತ್ತಾನೆ, ಕೂಗಿದರೆ ಓಡಿಬರುವವರಿರುತ್ತಾರೆ. ಅದೇ ದಾದಿಯು ಔಷಧದ ಚೀಲ ಹಿಡಿದು ರೋಗಿಯ ಮನೆಯ ಹೊಸ್ತಿಲು ದಾಟಿದೊಡನೆ ಈ ಸಂಬಂಧ ತಲೆಕೆಳಗಾಗುತ್ತದೆ. ಆ ಮನೆಯಲ್ಲಿ ಯಾರಿದ್ದಾರೆ, ಏನಿದೆ ಎಂಬುದು ಅವಳಿಗೆ ತಿಳಿಯದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಏನಿದೆ’ ಎಂಬ ಪ್ರಶ್ನೆಗೆ ಹಲವು ವೇಳೆ ದೊರೆಯುವ ಉತ್ತರ ಬಂದೂಕು. ಪ್ಯೂ ಸಂಶೋಧನಾ ಕೇಂದ್ರವು 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅಲ್ಲಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿ ತಾವು ವಾಸಿಸುವ ಮನೆಯಲ್ಲಿ ಬಂದೂಕು ಇದೆಯೆಂದು ತಿಳಿಸಿದರು.

ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಪದ್ಧತಿಯು ವ್ಯವಸ್ಥಿತ ರೂಪ ತಾಳಿದುದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ವಿಲಿಯಂ ರಾತ್‌ಬೋನ್ ಎಂಬ ವರ್ತಕನು ತನ್ನ ಪತ್ನಿಯ ಕಡೆಯ ದಿನಗಳಲ್ಲಿ ದಾದಿಯೊಬ್ಬಳು ಮಾಡಿದ ಸೇವೆಯನ್ನು ಕಂಡು, 1859ರಲ್ಲಿ ಅದೇ ದಾದಿಯನ್ನು ಬಡವರ ಮನೆಗಳಿಗೆ ಕಳುಹಿಸತೊಡಗಿದನು. ಅಮೆರಿಕದಲ್ಲಿ ಲಿಲಿಯನ್ ವಾಲ್ಡ್ 1893ರಲ್ಲಿ ನ್ಯೂಯಾರ್ಕಿನ ವಲಸಿಗರ ಕೇರಿಗಳಲ್ಲಿ ಈ ಕಾರ್ಯವನ್ನು ಆರಂಭಿಸಿದರು. ಅವರ ದಾದಿಯರು ಮೆಟ್ಟಿಲು ಹತ್ತಿಳಿಯುವ ಶ್ರಮವನ್ನು ಉಳಿಸಲು ಒಂದು ಕಟ್ಟಡದ ಮಾಳಿಗೆಯಿಂದ ಇನ್ನೊಂದರ ಮಾಳಿಗೆಗೆ ದಾಟಿ ಹೋಗುತ್ತಿದ್ದರು. 1909ರಲ್ಲಿ ಮೆಟ್ರೊಪಾಲಿಟನ್ ಜೀವವಿಮಾ ಸಂಸ್ಥೆಯು ತನ್ನ ಪಾಲಿಸಿದಾರರಿಗಾಗಿ ಈ ಸೇವೆಯ ವೆಚ್ಚವನ್ನು ವಹಿಸಿಕೊಂಡಿತು. ಹೆಚ್ಚು ಕಾಲ ಬದುಕಿದವನು ಹೆಚ್ಚು ಕಂತು ಕಟ್ಟುತ್ತಾನೆ! ಕರುಣೆಯೂ ಖಾತೆಪುಸ್ತಕವೂ ಒಂದೇ ಪುಟದಲ್ಲಿ ಕೂಡಿಬಂದ ಇಂಥ ಪ್ರಸಂಗವನ್ನು ಕಂಡರೆ ವ್ಯಾಪಾರಿಯಾದ ನನಗೆ ಸಂತೋಷವೇ.

ಆದರೆ ಬಂದೂಕಿನ ಮಾತು ಬಂದಾಗ ನಾವು ನೋಡಬೇಕಾದುದು ಕೆಂಟಕಿಯ ಬೆಟ್ಟಸೀಮೆಯನ್ನು. ಎಳೆಯ ಮಕ್ಕಳಿಬ್ಬರನ್ನೂ ಕಳೆದುಕೊಂಡ ಮೇರಿ ಬ್ರೆಕಿನ್‌ರಿಡ್ಜ್ ಎಂಬ ಮಹಿಳೆಯು ಇಂಗ್ಲೆಂಡಿಗೆ ಹೋಗಿ ಸೂಲಗಿತ್ತಿಯ ವಿದ್ಯೆ ಕಲಿತು, 1925ರಲ್ಲಿ ಅಲ್ಲಿನ ಲೆಸ್ಲಿ ಕೌಂಟಿಯಲ್ಲಿ ಒಂದು ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಮುಂದೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂದು ಹೆಸರಾಯಿತು. ದಾರಿಯಿಲ್ಲದ ಸುಮಾರು 700 ಚದರ ಮೈಲಿಯ ಆ ಪ್ರದೇಶದಲ್ಲಿ ದಾದಿಯರು ಕುದುರೆಯೇರಿ, ಜೀನಿನ ಚೀಲಗಳಲ್ಲಿ ಔಷಧ ತುಂಬಿಕೊಂಡು ಹಳ್ಳಕೊಳ್ಳ ದಾಟಿ ಹೋಗುತ್ತಿದ್ದರು. ಅಲ್ಲಿ ಬಂದೂಕಿಲ್ಲದ ಮನೆ ಅಪರೂಪ. ತಲೆಮಾರುಗಳ ಕುಟುಂಬವೈರದ ನೆನಪು ಇನ್ನೂ ಹಸಿಯಾಗಿದ್ದಿತು. ಮೇಲಾಗಿ ಅದು ಪಾನನಿರೋಧದ ಕಾಲ. ಕಾಡಿನಲ್ಲಿ ಗುಟ್ಟಾಗಿ ಮದ್ಯ ಬಟ್ಟಿ ಇಳಿಸುವವರಿಗೆ ಅಪರಿಚಿತರೆಲ್ಲ ಸರ್ಕಾರದ ಗೂಢಚಾರರಂತೆಯೇ ತೋರುತ್ತಿದ್ದರು.

ಇಂಥ ನೆಲದಲ್ಲಿ ನಿರಾಯುಧ ಸ್ತ್ರೀಯರಿಗೆ ರಕ್ಷೆಯಾದುದು ಏನು? ಮೊದಲನೆಯದಾಗಿ, ಬೇಲಿಯ ಆಚೆ ನಿಂತು ಕೂಗಿ, ಒಳಗಿನವರು ಓಗೊಟ್ಟ ಮೇಲೆಯೇ ಮನೆಯನ್ನು ಸಮೀಪಿಸಬೇಕೆಂಬುದು ಆ ಬೆಟ್ಟದವರ ಸಂಪ್ರದಾಯ. ಹೊರಗಿನಿಂದ ಬಂದವರು ಅದನ್ನು ಕಲಿಯದೆ ಗತ್ಯಂತರವಿರಲಿಲ್ಲ. ದಾದಿಯರ ನೀಲಿ-ಬೂದು ಬಣ್ಣದ ಸಮವಸ್ತ್ರವು ದೂರದಿಂದಲೇ ಅವರ ಗುರುತನ್ನು ಸಾರುತ್ತಿತ್ತು. ಮತ, ರಾಜಕೀಯ, ಮದ್ಯದ ಭಟ್ಟಿ, ಈ ಮೂರರ ಬಗೆಗೆ ಬಾಯಿ ತೆರೆಯಕೂಡದೆಂಬುದು ಸಂಸ್ಥೆಯ ಶಿಸ್ತಾಗಿದ್ದಿತು. ಎಲ್ಲಕ್ಕಿಂತ ಮಿಗಿಲಾಗಿ, ಊರವರ ಸಮಿತಿಗಳು ಸಂಸ್ಥೆಯ ಬೆನ್ನಿಗಿದ್ದುವು. ಹೆರಿಗೆಗೆ 5 ಡಾಲರು. ಹಣವಿಲ್ಲದವರು ಕುದುರೆಗೆ ಮೇವನ್ನೋ ತಮ್ಮ ದುಡಿಮೆಯನ್ನೋ ಕೊಟ್ಟು ಋಣ ತೀರಿಸುತ್ತಿದ್ದರು. ಬಂದೂಕು ಗೋಡೆಯ ಮೇಲೆಯೇ ಇತ್ತು. ಆದರೆ ಬಂದವಳು ಯಾರೆಂದು ಅದರ ಒಡೆಯನಿಗೆ ತಿಳಿದಿತ್ತು.

ಈ ಪರಿಚಯವೇ ಮುಂದೆ ಕಳೆದುಹೋದುದು. 1965ರಲ್ಲಿ ವೃದ್ಧರ ಆರೋಗ್ಯವಿಮೆಯಾದ ಮೆಡಿಕೇರಿನ ಶಾಸನವಾಗಿ, ಮುಂದೆ ಮನೆಶುಶ್ರೂಷೆಗೆ ಸರ್ಕಾರದ ಹಣ ದೊರೆಯತೊಡಗಿತು. 1983ರ ತರುವಾಯ ಆಸ್ಪತ್ರೆಗಳಿಗೆ ರೋಗದ ವರ್ಗಕ್ಕೆ ತಕ್ಕಂತೆ ನಿಗದಿತ ಮೊತ್ತವನ್ನಷ್ಟೇ ಪಾವತಿ ಮಾಡುವ ಕ್ರಮ ಬಂದುದರಿಂದ ರೋಗಿಗಳು ಬೇಗನೆ ಮನೆ ಸೇರಿದರು. ದಾದಿಯ ಕೈಯಲ್ಲಿ ಈಗ ವಿಳಾಸದ ಪಟ್ಟಿಯುಂಟು, ಊರವರ ಸಮಿತಿಯಿಲ್ಲ. ಯೌವನದಲ್ಲಿ ಕೊಂಡ ಪಿಸ್ತೂಲು ವೃದ್ಧನ ಹಾಸಿಗೆಯ ಬಳಿಯ ಸೆಳೆಖಾನೆಯಲ್ಲಿಯೇ ಉಳಿದಿರುತ್ತದೆ. ಮರೆವಿನ ರೋಗ ಅಡರಿದವನು ನಿದ್ದೆಯಿಂದೆದ್ದು ಎದುರಿಗೆ ನಿಂತವಳನ್ನು ಕಳ್ಳಿಯೆಂದು ಭ್ರಮಿಸಿದರೆ? ಇಲ್ಲಿ ದ್ವೇಷವಿಲ್ಲ, ನಮ್ಮ ಆಚಾರ್ಯರು ಹಿಂಸೆಯ ಮೂಲವೆಂದು ಎಣಿಸಿದ ಪ್ರಮಾದವಿದೆ. ಮದ್ದುಗುಂಡು ತುಂಬಿದ ಆಯುಧವನ್ನು ಬೀಗವಿಲ್ಲದೆ ಇಟ್ಟವನ ಮನೆಮಂದಿಯೂ ಆ ಪ್ರಮಾದದಲ್ಲಿ ಪಾಲುದಾರರೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಬಂದೂಕಿದೆಯೇ ಎಂದು ಕೇಳಬಾರದೇಕೆ? ಕೇಳುವುದೇ ವಿವಾದವಾಯಿತು. 2011ರಲ್ಲಿ ಫ್ಲಾರಿಡಾ ರಾಜ್ಯವು, ಚಿಕಿತ್ಸೆಗೆ ಅಥವಾ ಸುರಕ್ಷತೆಗೆ ಸಂಬಂಧವಿಲ್ಲದಿದ್ದಲ್ಲಿ ವೈದ್ಯರು ರೋಗಿಯ ಬಂದೂಕಿನ ವಿಚಾರ ಎತ್ತಕೂಡದೆಂದು ಕಾನೂನು ಮಾಡಿತು. ಅದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಮೇಲ್ಮನವಿ ನ್ಯಾಯಾಲಯವು 2017ರಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಂದೂಕು ಹೊಂದುವ ಹಕ್ಕು ಸಂವಿಧಾನದತ್ತವಾದ ದೇಶದಲ್ಲಿ ಗೃಹಸ್ಥನ ಸಂಕೋಚವೂ ಅರ್ಥವಾಗದ ಸಂಗತಿಯೇನಲ್ಲ.

2023ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಔಷಧ ಕೊಡಲು ಹೋದ ದಾದಿಯೊಬ್ಬರು ಕೊಲೆಗೀಡಾದರು. ಅಲ್ಲಿ ಬಳಕೆಯಾದುದು ಬಂದೂಕಲ್ಲ; ಆದರೆ ಮನೆಶುಶ್ರೂಷಕರ ಭಯವೆಲ್ಲ ಆ ಸಾವಿನಿಂದ ಬಹಿರಂಗವಾಯಿತು. ಮರುವರ್ಷ ಅಲ್ಲಿನ ಶಾಸನಸಭೆಯು ಮಾಡಿದ ಕಾನೂನಿನಂತೆ, ಹೊಸ ರೋಗಿಯನ್ನು ಸ್ವೀಕರಿಸುವಾಗ ಆತನ ಹಿಂಸಾಚಾರದ ಪೂರ್ವೇತಿಹಾಸ, ಮನೆಯಲ್ಲಿರುವ ಬಂದೂಕು ಮೊದಲಾದ ಆಯುಧಗಳು, ಇವನ್ನು ಸಂಸ್ಥೆಯು ವಿಚಾರಿಸಿ ದಾದಿಗೆ ತಿಳಿಸಬೇಕು. ಆದರೆ ಉತ್ತರ ಕೊಡಲಿಲ್ಲವೆಂಬ ಕಾರಣದಿಂದ ಮಾತ್ರ ಸೇವೆಯನ್ನು ನಿರಾಕರಿಸುವಂತಿಲ್ಲ. ಬಂದೂಕು ಇದೆಯೆಂದು ಉತ್ತರ ಬಂದಲ್ಲಿ ಅದನ್ನು ಬರಿದು ಮಾಡಿ ಬೀಗದೊಳಗಿಟ್ಟು, ಗುಂಡುಗಳನ್ನು ಬೇರೆಡೆ ಇರಿಸುವಂತೆ ಕೋರಬಹುದು. ಉತ್ತರವೇ ಬಾರದ ಮನೆಗೆ ದಾದಿಯು ಹೊರಡುವ ಮುನ್ನ ದೂರವಾಣಿ ಮಾಡಿ ತನ್ನ ಹೆಸರನ್ನೂ ಬರುವ ವೇಳೆಯನ್ನೂ ಹೇಳುತ್ತಾಳೆ, ಬೇಲಿಯಾಚೆ ನಿಂತು ಕೂಗುತ್ತಿದ್ದ ಕೆಂಟಕಿಯವರಂತೆಯೇ.