ಮನೆಯೊಳಗಿನ ಸದ್ದು

ಹೊಸ ಊರಿನಲ್ಲಿ ಬಾಡಿಗೆಗೆ ಮನೆ ಹುಡುಕುವವನು ನೀರಿನ ಅನುಕೂಲವನ್ನು ವಿಚಾರಿಸುತ್ತಾನೆ. ಗಾಳಿ ಬೆಳಕುಗಳನ್ನು ನೋಡುತ್ತಾನೆ. ರೈಲು ನಿಲ್ದಾಣ ಎಷ್ಟು ದೂರವೆಂದು ಕೇಳುತ್ತಾನೆ. ಈ ಮನೆಯೊಳಗೆ ಕುಳಿತರೆ ಏನೇನು ಕಿವಿಗೆ ಬೀಳುತ್ತದೆ ಎಂದು ಕೇಳುವವರು ವಿರಳ. ಆದರೆ ಒಕ್ಕಲಾಗಿ ತಿಂಗಳು ತುಂಬುವುದರೊಳಗೆ ಆ ಮನೆ ಹಿತವೋ ಅಹಿತವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಸದ್ದೂ ಒಂದಾಗಿರುತ್ತದೆ. ಮೇಲಿನ ಮಾಳಿಗೆಯವರು ಕುರ್ಚಿ ಎಳೆಯುವ ಸದ್ದು, ಪಕ್ಕದ ಮನೆಯ ಟೆಲಿವಿಷನ್ನು, ನಡುರಾತ್ರಿ ತೊಟ್ಟಿಕ್ಕುವ ನಲ್ಲಿ, ಲಿಫ್ಟಿನ ಬಾಗಿಲು, ಇವೆಲ್ಲ ಬಾಡಿಗೆಯ ಕರಾರಿನಲ್ಲಿ ಬರೆಯದೆಯೇ ನಮಗೆ ಬಂದು ಸೇರುವ ಆಸ್ತಿ.

ಕಣ್ಣಿಗೆ ರೆಪ್ಪೆಯನ್ನಿತ್ತ ಪ್ರಕೃತಿ ಕಿವಿಗೆ ಅದನ್ನು ಕೊಡಲಿಲ್ಲ. ಮನೆಯ ಗೋಡೆಯೇ ಕಿವಿಯ ರೆಪ್ಪೆಯೆಂದು ಮನುಷ್ಯನು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾನೆ. ಆ ನಂಬಿಕೆ ಎಷ್ಟರ ಮಟ್ಟಿಗೆ ನಿಜ, ಮನೆಯೊಳಗಿನ ಸದ್ದನ್ನು ಒಳ್ಳೆಯದು ಕೆಟ್ಟದ್ದು ಎಂದು ಜನ ಯಾವ ಅಳತೆಗೋಲಿನಿಂದ ಅಳೆಯುತ್ತ ಬಂದರು ಎಂಬುದಕ್ಕೆ ಒಂದು ಚರಿತ್ರೆಯಿದೆ. ಪರನಾಡಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಆ ಚರಿತ್ರೆಯಲ್ಲಿ ಕಲಿಯತಕ್ಕ ಪಾಠವೂ ಒಂದಿದೆ.

ವಿಷಯವೇನೋ ಹಳೆಯದು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಸ್ತುತಿನಿಂದೆಗಳನ್ನು ಸಮಾಧಾನದಿಂದ ಸಹಿಸಬೇಕೆಂದು ಹೇಳುವಾಗ ಸಂತೆಯ ನಡುವಣ ಮನೆಯನ್ನು ದೃಷ್ಟಾಂತವಾಗಿ ತಂದುದನ್ನು ಕನ್ನಡಿಗರೆಲ್ಲ ಬಲ್ಲರು. ಆದರೆ ಸಹಿಸುವುದು ಬೇರೆ, ಅಳೆಯುವುದು ಬೇರೆ. ಅಳೆದು ತಡೆಯಬೇಕೆಂಬ ಹಂಬಲ ಬಲವಾದದ್ದು ಯಂತ್ರಯುಗದ ಮಹಾನಗರಗಳಲ್ಲಿ.

ಲಂಡನ್ನಿನ ಚೆಲ್ಸೀ ಬಡಾವಣೆಯಲ್ಲಿ 1834ರಿಂದ ವಾಸವಾಗಿದ್ದ ಥಾಮಸ್ ಕಾರ್ಲೈಲನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ನೆರೆಮನೆಯ ಹುಂಜಗಳು, ಪಿಯಾನೋ, ಬೀದಿಯ ವಾದ್ಯಗಾರರು ಇವರೆಲ್ಲರಿಂದ ಬೇಸತ್ತ ಆ ಗ್ರಂಥಕರ್ತ 1853ರಲ್ಲಿ ತನ್ನ ಮನೆಯ ಮಾಳಿಗೆಯ ಮೇಲೆ ಒಂದು ನಿಶ್ಶಬ್ದವಾದ ಕೋಣೆಯನ್ನು ಕಟ್ಟಿಸಿದನು. ಗೋಡೆಗಳು ಎರಡೆರಡು ಪದರ. ಬೆಳಕು ಬರುವುದು ನೆತ್ತಿಯ ಮೇಲಿನ ಗಾಜಿನಿಂದ. ಹಣ ನೀರಿನಂತೆ ಹರಿಯಿತು. ಫಲ ಮಾತ್ರ ವಿಚಿತ್ರವಾಯಿತು. ಹತ್ತಿರದ ಸದ್ದು ಕೆಲಮಟ್ಟಿಗೆ ಅಡಗಿದೊಡನೆ, ಹಿಂದೆಂದೂ ಗಮನಕ್ಕೆ ಬಾರದಿದ್ದ ದೂರದ ರೈಲಿನ ಸಿಳ್ಳು, ನದಿಯ ಕಡೆಯ ಕೂಗುಗಳು ಕೇಳಿಸತೊಡಗಿದವು. ಅದೇ ಕೋಣೆಯಲ್ಲಿ ಕುಳಿತು ಆತನು ಹನ್ನೆರಡು ವರ್ಷ ದುಡಿದು ಫ್ರೆಡರಿಕ್ ಮಹಾಶಯನ ಚರಿತ್ರೆಯನ್ನು ಮುಗಿಸಿದನೆಂಬುದು ನಿಜ. ಆದರೆ ಬಯಸಿದ ಮೌನ ಸಿಗಲಿಲ್ಲ. ಒಂದು ಸದ್ದನ್ನು ತೆಗೆದರೆ ಅದರ ಮರೆಯಲ್ಲಿದ್ದ ಇನ್ನೊಂದು ಮೇಲಕ್ಕೆ ಬರುತ್ತದೆಂಬ ಸತ್ಯವನ್ನು ಕಾರ್ಲೈಲನು ತನ್ನ ಹಣ ತೆತ್ತು ಕಲಿತನು.

ಸದ್ದಿಗೆ ಶಾಸ್ತ್ರದ ಅಳತೆ ಒದಗಿದ್ದು ಅಮೆರಿಕೆಯಲ್ಲಿ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾಶಾಲೆಯ ಉಪನ್ಯಾಸ ಮಂದಿರದಲ್ಲಿ ಮಾತಾಡಿದರೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆಡಿದ ಶಬ್ದ ಐದೂವರೆ ಸೆಕೆಂಡಿಗೂ ಮೇಲೆ ಅಲ್ಲೇ ಸುಳಿದಾಡುತ್ತ, ಹಿಂದಿನ ಮಾತಿನ ಮೇಲೆ ಮುಂದಿನ ಮಾತು ಬಿದ್ದು ಕಲಸಿಹೋಗುತ್ತಿತ್ತು. ಇದನ್ನು ಸರಿಪಡಿಸುವ ಹೊಣೆ ವ್ಯಾಲೇಸ್ ಸ್ಯಾಬಿನ್ ಎಂಬ ಇಪ್ಪತ್ತೇಳರ ತರುಣ ಅಧ್ಯಾಪಕನ ಪಾಲಿಗೆ ಬಂತು. ಊರೆಲ್ಲ ಮಲಗಿದ ಮೇಲೆ ಆತನು ಇನ್ನೊಂದು ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತರುವನು. ಒಂದು ಆರ್ಗನ್ ಕೊಳವೆಯನ್ನು ಊದಿಸಿ, ಅದರ ನಾದ ಅಡಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಕಿವಿಗೊಟ್ಟು ಗುರುತಿಸುವನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮತ್ತೆ ಅವುಗಳ ಸ್ಥಳಕ್ಕೆ ಸೇರಿಸುವನು. ಮೈಮೇಲಿನ ಬಟ್ಟೆಯೂ ಸದ್ದನ್ನು ಹೀರುತ್ತದೆಂದು ಕಂಡುಕೊಂಡ ಮೇಲೆ ಪ್ರತಿ ರಾತ್ರಿಯೂ ಒಂದೇ ಉಡುಪನ್ನು ತೊಟ್ಟು ಪ್ರಯೋಗ ನಡೆಸಿದನೆಂದರೆ ಆತನ ನಿಷ್ಠೆ ಎಂಥದೆಂದು ತಿಳಿಯುತ್ತದೆ. ಕೋಣೆಯ ಗಾತ್ರಕ್ಕೂ, ಅದರೊಳಗಿನ ವಸ್ತುಗಳು ಸದ್ದನ್ನು ಹೀರುವ ಶಕ್ತಿಗೂ, ಅನುರಣನದ ಕಾಲಕ್ಕೂ ಇರುವ ಸಂಬಂಧ 1898ರಲ್ಲಿ ಆತನ ಕೈಗೆ ಸಿಕ್ಕಿತು. ಅದರ ಆಧಾರದ ಮೇಲೆ ಕಟ್ಟಿದ ಬಾಸ್ಟನ್ನಿನ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಸ್ಯಾಬಿನ್ ಆರಿಸಿಕೊಂಡ ಮಾನ ಬಹು ಸರಳ: ತೆರೆದ ಕಿಟಕಿ. ಹೊರಗೆ ಹೋದ ಸದ್ದು ಹಿಂದಿರುಗುವುದಿಲ್ಲ. ಆದಕಾರಣ ತೆರೆದ ಕಿಟಕಿ ಸಂಪೂರ್ಣವಾಗಿ ಸದ್ದನ್ನು ಹೀರುವ ವಸ್ತುವೆಂದು ಎಣಿಕೆ. ಈ ಮಾನವನ್ನು ಹಿಡಿದು ನಮ್ಮ ನಾಡಿನ ತೊಟ್ಟಿಮನೆಯನ್ನು ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ ಆಕಾಶಕ್ಕೆ ತೆರೆದುಕೊಂಡ ತೊಟ್ಟಿಯೆಂದರೆ ನೂರು ಚದರಡಿ ತೆರೆದ ಕಿಟಕಿ. ಸಂದುಬಿಟ್ಟ ಹಂಚಿನ ಮಾಡು, ಒರಟಾದ ಮಣ್ಣಿನ ಗೋಡೆ, ಮೂಲೆಯಲ್ಲಿ ಅಕ್ಕಿಮೂಟೆ, ಹಗ್ಗದ ಮೇಲೆ ಒಣಗುವ ಬಟ್ಟೆ, ಇವೆಲ್ಲ ಸೇರಿ ಸದ್ದು ಮೊಳಗದಂತೆ ನೋಡಿಕೊಳ್ಳುತ್ತಿದ್ದವು. ಅಡಿಗೆಮನೆಯಿಂದ ಕರೆದರೆ ಜಗಲಿಗೆ ಕೇಳಿಸುತ್ತಿತ್ತು. ಆದರೂ ಹತ್ತು ಜನ ಒಟ್ಟಿಗೆ ಮಾತಾಡಿದಾಗ ಕಿವಿ ಗುಂಯ್ ಎನ್ನುತ್ತಿರಲಿಲ್ಲ. ಈಗಿನ ಫ್ಲಾಟಿನ ನುಣುಪಾದ ನೆಲಹಾಸೂ ಕಾಂಕ್ರೀಟಿನ ಸೂರೂ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಹೀರಿ ಉಳಿದುದನ್ನು ಹಿಂದಕ್ಕೆ ಎಸೆಯುತ್ತವೆ. ಅದೇ ಕುಟುಂಬ, ಅದೇ ಮಾತು; ಗದ್ದಲ ಮಾತ್ರ ಹೆಚ್ಚು. ತಪ್ಪು ಮಕ್ಕಳ ಗಂಟಲಿನದಲ್ಲ, ಗೋಡೆಯದು.

ಸ್ಯಾಬಿನ್ ಅಳೆದದ್ದು ಸದ್ದು ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು. ಅದರ ಬಲವನ್ನು ಅಳೆಯುವ ಮಾನ ಟೆಲಿಫೋನಿನ ಎಂಜಿನಿಯರುಗಳಿಂದ ಬಂತು. 1920ರ ದಶಕದಲ್ಲಿ ಅಮೆರಿಕೆಯ ಬೆಲ್ ಸಂಸ್ಥೆಯವರು ಬಳಕೆಗೆ ತಂದ ಡೆಸಿಬೆಲ್ ಇಂದು ಎಲ್ಲರ ಬಾಯಲ್ಲೂ ಇರುವ ಶಬ್ದ. ಈ ಲೆಕ್ಕದಲ್ಲಿ ಹತ್ತು ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತರಷ್ಟಾಗುತ್ತದೆ. ಕಿವಿಗೆ ಮಾತ್ರ ಸುಮಾರು ಎರಡರಷ್ಟಾದಂತೆ ತೋರುತ್ತದೆ. 1929ರಲ್ಲಿ ನ್ಯೂಯಾರ್ಕ್ ನಗರ ಗದ್ದಲ ನಿವಾರಣೆಗೆಂದು ಆಯೋಗವೊಂದನ್ನು ನೇಮಿಸಿತು. ಉಪಕರಣಗಳನ್ನು ಹೊತ್ತ ಲಾರಿ ಬೀದಿ ಬೀದಿ ಸುತ್ತಿತು. ಜನರ ದೂರುಗಳನ್ನೂ ಕೂಡಿಹಾಕಿದರು. ಲಾರಿ, ಮೋಟಾರು ಹಾರನ್ನುಗಳ ಜೊತೆಗೆ ಮನೆಗಳಲ್ಲೂ ಅಂಗಡಿಗಳಲ್ಲೂ ಅರಚುವ ರೇಡಿಯೋ ಆ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಮನೆಯೊಳಗಿನ ಮನರಂಜನೆಯೇ ಪಕ್ಕದ ಮನೆಗೆ ಪೀಡೆಯಾಗುವ ಕಾಲ ಆಗಲೇ ಬಂದಿತ್ತು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳುವುದಿಲ್ಲವೆಂದೂ, ತಗ್ಗಿನ ಸ್ವರ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಹೆಚ್ಚು ಬಲ ಬೇಕೆಂದೂ ತೋರಿಸಿದರು. ಅಳತೆಯ ಯಂತ್ರಗಳನ್ನು ಮನುಷ್ಯನ ಕಿವಿಗೆ ತಕ್ಕಂತೆ ತಿದ್ದಲಾಯಿತು.

ಇಷ್ಟಾದರೂ ಒಂದು ಒಗಟು ಉಳಿಯಿತು. ನಲವತ್ತು ಡೆಸಿಬೆಲ್ಲಿನ ಮಳೆ ಜೋಗುಳವಾಗುತ್ತದೆ. ಅದಕ್ಕಿಂತ ಎಷ್ಟೋ ಮೆಲ್ಲನೆ ತೊಟ್ಟಿಕ್ಕುವ ನಲ್ಲಿ ನಿದ್ದೆ ಕೆಡಿಸುತ್ತದೆ. ತನ್ನ ಮನೆಯ ಮಿಕ್ಸರ್ ಅರಚಿದರೆ ಚಟ್ನಿಯ ನೆನಪು. ಪಕ್ಕದ ಮನೆಯದು ಅರಚಿದರೆ ತಲೆನೋವು. ಯಂತ್ರಕ್ಕೆ ಎರಡೂ ಒಂದೇ. ಹಾಗಾದರೆ ಕಿವಿ ಅಳೆಯುವುದು ಇನ್ನೇನನ್ನು?

ಇದಕ್ಕೆ ಒಂದು ಉತ್ತರವನ್ನು ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಂಡುಹಿಡಿದು 1972ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಜನರನ್ನು ಕೋಣೆಯಲ್ಲಿ ಕೂರಿಸಿ ಅವರು ಕೆಲಸ ಮಾಡುವಾಗ ಕರ್ಕಶವಾದ ಸದ್ದನ್ನು ಕೇಳಿಸಿದರು. ಕೆಲವರ ಕೈಗೆ ಮಾತ್ರ ಒಂದು ಗುಂಡಿಯನ್ನು ಕೊಟ್ಟು, ಸಹಿಸಲಾಗದಿದ್ದರೆ ಒತ್ತಿ ಸದ್ದನ್ನು ನಿಲ್ಲಿಸಬಹುದು, ಆದರೆ ಒತ್ತದಿದ್ದರೆ ಒಳ್ಳೆಯದು ಎಂದರು. ಬಹುಮಂದಿ ಒತ್ತಲೇ ಇಲ್ಲ. ಎರಡು ಗುಂಪಿನವರೂ ಕೇಳಿದ ಸದ್ದು ಒಂದೇ. ಆದರೂ ಆಮೇಲೆ ಕೊಟ್ಟ ಕೆಲಸದಲ್ಲಿ ಗುಂಡಿಯಿದ್ದವರು ಹೆಚ್ಚು ತಾಳ್ಮೆ ತೋರಿದರು, ಕಡಿಮೆ ತಪ್ಪು ಮಾಡಿದರು. ಬೇಕೆಂದಾಗ ನಿಲ್ಲಿಸಬಲ್ಲೆನೆಂಬ ಭರವಸೆಯೇ ಸದ್ದಿನ ಅರ್ಧ ವಿಷವನ್ನು ಇಳಿಸುತ್ತದೆ ಎಂದಾಯಿತು.

ಮುಂಬಯಿಯ ಚಾಳುಗಳಲ್ಲಿ ಬಾಳಿದವರಿಗೆ ಈ ಸಂಗತಿ ಪ್ರಯೋಗವಿಲ್ಲದೆಯೇ ತಿಳಿದದ್ದು. 1920ರ ದಶಕದಲ್ಲಿ ಸರ್ಕಾರ ವರ್ಲಿ, ನಾಯಗಾಂವ್ ಮೊದಲಾದೆಡೆ ಕಟ್ಟಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಖೋಲಿಯೆಂದರೆ ಸುಮಾರು 160 ಚದರಡಿ. ಎಲ್ಲರಿಗೂ ಒಂದೇ ಮೊಗಸಾಲೆ. ಇಂಥ ಖೋಲಿಗಳಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಿಸದೆ ಇರುವುದು ಸಾಧ್ಯವಿರಲಿಲ್ಲ. ಆದರೂ ಆ ಸದ್ದುಗಳಿಗೆ ಹೆಸರಿತ್ತು, ಮುಖವಿತ್ತು. ಯಾರ ಮನೆಯ ಸ್ಟೌ ಹೊತ್ತಿತು, ಯಾರು ಎರಡನೆಯ ಪಾಳಿ ಮುಗಿಸಿ ಬಂದರು, ಯಾರ ಕೂಸಿಗೆ ಜ್ವರ ಎಂಬುದೆಲ್ಲ ಕಿವಿಯಿಂದಲೇ ತಿಳಿಯುತ್ತಿತ್ತು. ಆ ತಿಳಿವಿನಿಂದ ಕಷ್ಟಕಾಲಕ್ಕೆ ಒದಗುವುದೂ ಸಾಧ್ಯವಾಗುತ್ತಿತ್ತು. ಆ ಬಾಳಿನಲ್ಲಿ ಓದುವ ಹುಡುಗನಿಗೆ ಏಕಾಂತ ಸಿಗದ ಸಂಕಟವೂ ಇತ್ತು. ಅದನ್ನು ಮರೆತು ಹಳೆಯದನ್ನೆಲ್ಲ ಕೊಂಡಾಡುವುದು ಸಲ್ಲದು. ಇಂದು ಆ ಚಾಳುಗಳ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. ಸದ್ದು ಅಲ್ಲಿಯೂ ಗೋಡೆ ದಾಟಿ ಬರುತ್ತದೆ. ಯಾರದೆಂದು ಮಾತ್ರ ಗೊತ್ತಾಗುವುದಿಲ್ಲ. ಗುರುತಿಲ್ಲದ ಸದ್ದು ಬೇಗ ಶತ್ರುವಾಗುತ್ತದೆ.

ವಿಜ್ಞಾನವೂ ಕ್ರಮೇಣ ಇದೇ ಕಡೆಗೆ ತಿರುಗಿತು. ಕೆನಡಾದ ಸಂಗೀತಗಾರ ಮರ್ರೆ ಶೇಫರ್ 1977ರ ತನ್ನ ಗ್ರಂಥದಲ್ಲಿ, ಕಣ್ಣಿಗೆ ಭೂದೃಶ್ಯವಿರುವಂತೆ ಕಿವಿಗೂ ಒಂದು ಧ್ವನಿಪರಿಸರವಿದೆ, ಗದ್ದಲವನ್ನು ಕಳೆಯುವುದರ ಜೊತೆಗೆ ಉಳಿಸಿಕೊಳ್ಳತಕ್ಕ ಸದ್ದುಗಳು ಯಾವುವೆಂದೂ ಕೇಳಬೇಕು ಎಂದು ವಾದಿಸಿದನು. 2014ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಧ್ವನಿಪರಿಸರಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಕೇಳುವ ಮನುಷ್ಯನ ಅನುಭವ, ತಿಳಿವಳಿಕೆ, ಸಂದರ್ಭ ಈ ಮೂರಕ್ಕೂ ಸ್ಥಾನ ದೊರೆಯಿತು. ವಾಸದ ಮನೆಗಳನ್ನೇ ಕುರಿತು 2020ರಲ್ಲಿ ಪ್ರಕಟವಾದ ಯುರೋಪಿನ ಒಂದು ಸಂಶೋಧನೆ, ಮನೆಯೊಳಗಿನ ಸದ್ದನ್ನು ಜನ ಮೂರು ಬಗೆಯಾಗಿ ತೂಗುತ್ತಾರೆಂದು ಕಂಡಿತು: ಹಿತವೋ ಅಹಿತವೋ, ತುಂಬಿದೆಯೋ ಬರಿದೋ, ಪರಿಚಿತವೋ ಅಪರಿಚಿತವೋ. ಮೊದಲನೆಯದಕ್ಕೇ ಹೆಚ್ಚು ತೂಕವೆಂಬುದು ನಿಜ. ಆದರೂ ಪರಿಚಯವೆಂಬುದು ಲೆಕ್ಕಕ್ಕೆ ಬಂದುದು ಗಮನಾರ್ಹ.

ಈಗ ನಮಗೆ ಸಂಬಂಧಿಸಿದ ಪಾಠಕ್ಕೆ ಬರೋಣ. ನ್ಯೂಯಾರ್ಕಿನಲ್ಲಿ ಹೆದ್ದಾರಿಯ ನೆತ್ತಿಯ ಮೇಲೆಯೇ ಕಟ್ಟಿದ ಮೂವತ್ತೆರಡು ಅಂತಸ್ತಿನ ವಸತಿಗಳಿವೆ. ಅಲ್ಲಿಯ ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶ 1973ರಲ್ಲಿ ಪ್ರಕಟವಾಯಿತು. ವಾಹನಗಳ ಮೊರೆತ ಹೆಚ್ಚಾಗಿದ್ದ ಕೆಳ ಅಂತಸ್ತುಗಳಲ್ಲಿ ವರ್ಷಗಟ್ಟಲೆ ಬೆಳೆದ ಮಕ್ಕಳಿಗೆ ಕಿವುಡು ಬಂದಿರಲಿಲ್ಲ. ಆದರೆ ಒಂದರಂತೆ ಇನ್ನೊಂದು ಕೇಳಿಸುವ ಪದಗಳನ್ನು ಬೇರ್ಪಡಿಸುವುದರಲ್ಲೂ ಓದಿನಲ್ಲೂ ಅವರು ಹಿಂದೆ ಬಿದ್ದಿದ್ದರು. ಗದ್ದಲವನ್ನು ಹೊರಗಿಡಲು ಕಲಿತ ಎಳೆಯ ಕಿವಿ ಅದರೊಡನೆ ಮಾತನ್ನೂ ಹೊರಗಿಡಲು ಕಲಿತಿತ್ತು ಎಂದು ವಿದ್ವಾಂಸರು ಊಹಿಸಿದರು. ಅದೇ ನಗರದ ಒಂದು ಶಾಲೆಯಲ್ಲಿ ರೈಲುಹಳಿಯ ಬದಿಯ ಕೊಠಡಿಗಳ ಮಕ್ಕಳು ಓದಿನಲ್ಲಿ ಹಿಂದುಳಿದಿದ್ದುದು 1975ರಲ್ಲಿ ಗೊತ್ತಾಯಿತು. ಹಳಿಗೆ ರಬ್ಬರ್ ಮೆತ್ತೆ ಹಾಕಿ, ಕೊಠಡಿಯ ಸೂರಿಗೆ ಸದ್ದು ಹೀರುವ ಹಲಗೆ ಹೊದಿಸಿದ ಮೇಲೆ ಆ ವ್ಯತ್ಯಾಸ ಅಳಿಸಿಹೋಯಿತು. ಕೆಟ್ಟದ್ದನ್ನು ತಿದ್ದಬಹುದೆಂಬುದಕ್ಕೆ ಇದು ಸಾಕ್ಷಿ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದುಂಟು. 1984ರಲ್ಲಿ ಕೆನಡಾದ ವರ್ಕರ್ ಮತ್ತು ಟೀಸ್ ಎಂಬ ಸಂಶೋಧಕರು, ಇಂಗ್ಲಿಷ್ ಮನೆಗಳ ಶಿಶುಗಳು ಆರೆಂಟು ತಿಂಗಳಲ್ಲಿ ಹಿಂದಿಯ ತಕಾರ ಟಕಾರಗಳ ಭೇದವನ್ನು ಗುರುತಿಸುವುವೆಂದೂ, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗುವುದೆಂದೂ ತೋರಿಸಿದರು. ಮನೆಯಲ್ಲಿ ಕೇಳಿಸದ ಭೇದವನ್ನು ಕಿವಿ ಬಿಟ್ಟುಕೊಡುತ್ತದೆ. ಮನೆ–ಮಣೆ, ಹುಲಿ–ಹುಳಿ, ಹಾಲು–ಹಾಳು ಇವುಗಳ ವ್ಯತ್ಯಾಸವನ್ನು ನಮ್ಮ ಮಕ್ಕಳಿಗೆ ಕಲಿಸುವವರು ಯಾರು? ಊರಿನಲ್ಲಾದರೆ ಬೀದಿ ಕಲಿಸೀತು, ಶಾಲೆ ಕಲಿಸೀತು, ಬಸ್ಸಿನ ಕಂಡಕ್ಟರೂ ಕಲಿಸಿಯಾನು. ಇಲ್ಲಿ ಬೀದಿಯ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ. ನಮ್ಮಲ್ಲಿ ಬಹುಮಂದಿಯ ಪಾಲಿಗೆ ಕನ್ನಡವೆಂಬುದು ಮನೆಯೊಳಗಿನ ಸದ್ದು. ನಾಲ್ಕು ಗೋಡೆಗಳ ನಡುವೆ ಅದು ಕೇಳಿಸಿದಷ್ಟೇ ಮಗುವಿಗೆ ದಕ್ಕುವುದು. ದಿನವೆಲ್ಲ ಯಾರೂ ನೋಡದ ಟೆಲಿವಿಷನ್ನು ಕೂಗುತ್ತಿದ್ದರೆ ಅಜ್ಜಿಯ ಮಾತು ಅದರಲ್ಲಿ ಮುಳುಗಿಹೋಗುತ್ತದೆ.

ಹೊರಗಿನ ಗದ್ದಲಕ್ಕೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಎಂದು ಮಿತಿಯಿಟ್ಟವು. ತನ್ನ ಮನೆಯಲ್ಲಿರುವವನನ್ನು ಬಲವಂತದ ಶ್ರೋತೃವನ್ನಾಗಿ ಮಾಡುವ ಹಕ್ಕು ಯಾರಿಗೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಸಾರಿತು. ಒಳಗಿನ ಸದ್ದಿಗೆ ಮಾತ್ರ ಮನೆಯ ಯಜಮಾನ ಯಜಮಾನಿಯರೇ ನ್ಯಾಯಾಧೀಶರು. ಅವರು ಮಾಡಬೇಕಾದದ್ದು ಬಹಳವಿಲ್ಲ. ಬರಿಯ ನೆಲಕ್ಕೆ ಒಂದು ಜಮಖಾನ, ಕಿಟಕಿಗೆ ದಪ್ಪನೆಯ ಪರದೆ, ಗೋಡೆಗೊಂದು ಪುಸ್ತಕ ತುಂಬಿದ ಕಪಾಟು ಇದ್ದರೆ ಸ್ಯಾಬಿನ್ನನ ಮೆತ್ತೆಗಳು ಮಾಡಿದ ಕೆಲಸವನ್ನು ಅವೂ ಕೆಲಮಟ್ಟಿಗೆ ಮಾಡುತ್ತವೆ. ಊಟದ ಹೊತ್ತಿನಲ್ಲಿ ಯಂತ್ರಗಳ ಬಾಯಿ ಮುಚ್ಚಿಸಿ, ಅರ್ಧ ಗಂಟೆ ಮನೆಮಂದಿ ಕನ್ನಡದಲ್ಲಿ ಮಾತಾಡಿಕೊಂಡರೆ, ಕಾರ್ಲೈಲನು ಅಷ್ಟು ಹಣ ಸುರಿದೂ ಪಡೆಯಲಾಗದ ನೆಮ್ಮದಿ ನಮಗೆ ಸುಲಭವಾಗಿ ಸಿಕ್ಕೀತು.

ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಧ್ವನಿವರ್ಧಕದಿಂದ ಮೊಳಗುವ ಕನ್ನಡ ನಮ್ಮ ಹೆಮ್ಮೆ. ವರ್ಷದ ಉಳಿದ ದಿನಗಳಲ್ಲಿ ಪಿಸುಮಾತಿನಷ್ಟು ಮೆಲ್ಲಗೆ, ಆದರೆ ಸ್ಪಷ್ಟವಾಗಿ, ಮಗುವಿನ ಕಿವಿಯ ಬಳಿ ಕೇಳಿಸುವ ಕನ್ನಡ ಅದರ ಬೇರು. ಆ ಬೇರಿಗೆ ಸದ್ದಿಲ್ಲದ ನಾಲ್ಕು ಗಳಿಗೆಯನ್ನು ದಿನಕ್ಕೊಮ್ಮೆ ಒದಗಿಸುವುದು ನಮ್ಮೆಲ್ಲರ ಕೈಯಲ್ಲಿದೆ.